ಟೋಪಿ ಹಾಕಿದ ರಾಣಿ

ನಂಜನಗೂಡಿನ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದ ಯಶೋಧರಾಗೆ ಹಳೇ ನಾಣ್ಯದ ಹುಚ್ಚು. ಯಾರ ಕೊರಳಲ್ಲಿ ಬೆಳ್ಳಿ ರೂಪಾಯಿ ಕಂಡರೂ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ೧೯೯೯ರ ಬೇಸಿಗೆ ರಜೆಯಲ್ಲಿ ಹೆಡತಲೆಗೆ ಹೋದಾಗ, ಸೋದರತ್ತೆ ಮರಿತಾಯಮ್ಮ ಹುಣಸೆಹಣ್ಣು ಬಿಡಿಸುತ್ತಾ ಬಗ್ಗಿದಳು. ಕರಿದಾರಕ್ಕೆ ಪೋಣಿಸಿದ್ದ ರೂಪಾಯಿ ಈಚೆಗೆ ಜಾರಿತು.

"ಅತ್ತೆ, ಇದೇನು ರಾಣಿ ಟೋಪಿ ಹಾಕ್ಕೊಂಡವ್ಳೆ?"

"ರಾಣಿ ರೂಪಾಯಿ ಅಂದೇ ಕೊಟ್ಲು ಕಣವ್ವ. ಇಪ್ಪತ್ತೈದು ವರ್ಸದ ಕೆಳಗೆ ಕಾಡು ಕಡ್ಯೋ ಕೂಲಿಗೆ ಒಡೆಯರಪಾಳ್ಯಕ್ಕೆ ಓಗಿದ್ನಲ್ಲ, ಅಲ್ಲಿ ಒಬ್ಳು ಟಿಬೆಟ್ನೋಳು."

ಹಿಂದೆ ತಿರುಗಿಸಿದರೆ ಇಂಗ್ಲಿಷಿನ ಸುಳಿವೇ ಇಲ್ಲ. ಹೂಬಳ್ಳಿಯ ನಡುವೆ ನಾಲ್ಕು ಚೀನಿ ಅಕ್ಷರ. ಆದರೆ ಅಗಲ, ತೂಕ, ಪಕ್ಕಕ್ಕೆ ತಿರುಗಿದ ಮುಖ ಎಲ್ಲಾ ವಿಕ್ಟೋರಿಯಾ ರೂಪಾಯಿಯ ಹಾಗೇ. ಹತ್ತಿರ ಹಿಡಿದು ನೋಡಿದರೆ ಅದು ಗಂಡಸಿನ ಮುಖ. ಹಾಗಾದರೆ ಟೋಪಿ ಹಾಕಿದ ಇವನ್ಯಾರು?

"ಅಲ್ಲಿಗೇ ಹೋಗಿ ಕೇಳೋಣ, ಬತ್ತೀಯಾ?"

ನಂಜನಗೂಡಿನ ಸಂತೆಗೂ ಮಂಡಿನೋವು ಅನ್ನುತ್ತಿದ್ದ ಅತ್ತೆ ತಕ್ಷಣ "ನಡಿ" ಅಂದಾಗ ಯಶೋಧರಾಗೆ ಆಶ್ಚರ್ಯವಾಯಿತು.

ಮಾರನೆಯ ಬೆಳಿಗ್ಗೆ ನರಸೀಪುರದ ಮೇಲೆ ಹಾಯ್ದು, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪು ಸೇರಿದರು. ರತ್ನಗಂಬಳಿ ನೇಯುವ ಶೆಡ್ಡಿನ ಮುಂದೆ ಕೂತಿದ್ದ ಪಾಸಾಂಗ್ ಎಂಬ ಮುದುಕ ನಾಣ್ಯ ನೋಡಿದ್ದೇ ನಕ್ಕುಬಿಟ್ಟ.

"ಹಿಂದೆ ನಮ್ಮ ಕಡೆ ಚಹಾ ವ್ಯಾಪಾರಕ್ಕೆ ನಿಮ್ಮ ರಾಣಿ ರೂಪಾಯಿನೇ ಬೇಕಿತ್ತು. ಚೀನಾದವರಿಗೆ ಅದು ಸರಿಬರಲಿಲ್ಲ. ಪಕ್ಕದ ಸಿಚುವಾನ್ ಪ್ರಾಂತ್ಯದ ಟಂಕಸಾಲೆಯಲ್ಲಿ ರಾಣಿಯದನ್ನೇ ನೋಡಿಕೊಂಡು, ತಮ್ಮ ರಾಜನ ಮುಖ ಒತ್ತಿಬಿಟ್ಟರು. ಸಿಚುವಾನಿನಲ್ಲಿ ಮಾಡಿದ್ದು ಅಂತ ಬರೆದಿದೆ, ನೋಡಿ."

"ಅಂಗಾರೆ ಖೋಟಾನಾ?" ಎಂದಳು ಮರಿತಾಯಮ್ಮ.

"ಇಲ್ಲಮ್ಮ. ಬೆಳ್ಳಿ ಬೆಳ್ಳಿಯೇ. ನಮ್ಮವರು ಇದನ್ನ ನಿಮಗೆ ಯಾಕೆ ಕೊಟ್ಟರು?"

ಅತ್ತೆ ಸೆರಗು ಹೊದ್ದುಕೊಂಡಳು. "ಇದ ಕೊಟ್ಟೋಳಿಗೆ ಜ್ವರ ಬಂದು ಎದೆಹಾಲು ನಿಂತೋಗಿತ್ತು. ನಮ್ಮ ಮಾದು ಆಗ ಕೈಕೂಸು. ಒಂದು ತಿಂಗಳು ಎರಡು ಮಕ್ಳಿಗೂ ನಾನೇ ಹಾಲು ಕುಡಿಸ್ದೆ. ಕೂಲಿ ಮುಗೀತು, ಬಂದ್ಬುಟ್ಟೊ. ಆ ಕೂಸು ಉಳೀತೋ ಇಲ್ವೋ, ತಿಳೀನೇ ಇಲ್ಲ."

ಅತ್ತೆ ಬಸ್ಸು ಹತ್ತಿದ್ದು ಯಾಕೆಂದು ಯಶೋಧರಾಗೆ ಈಗ ಹೊಳೆಯಿತು.

ಪಾಸಾಂಗ್ ಒಳಗೆ ಹೋಗಿ ಮಗ್ಗದ ಹೆಂಗಸರನ್ನು ವಿಚಾರಿಸಿದ. ವಯಸ್ಸಾದವಳೊಬ್ಬಳು ಈಚೆ ಬಂದು ಮರಿತಾಯಮ್ಮನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಅವಳ ಎರಡೂ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು.

"ನಾಣ್ಯ ಕೊಟ್ಟ ತಾಯಿ ತೀರಿಕೊಂಡು ಆರು ವರ್ಷವಾಯಿತಂತೆ," ಎಂದ ಪಾಸಾಂಗ್. "ಮಗ ಬೈಲಕುಪ್ಪೆಯಲ್ಲಿದ್ದಾನೆ. ಟೈಲರು."

ಮರಿತಾಯಮ್ಮ ಕಣ್ಣೊರೆಸಿಕೊಂಡು ಕೇಳಿದಳು: "ಮದ್ವೆ ಆಯ್ತಾ ಅವ್ನಿಗೆ?"

"ಎರಡು ಮಕ್ಕಳು."

ನಾಣ್ಯ ಕೊಡುತ್ತೀಯಾ ಎಂದು ಯಶೋಧರಾ ಕೇಳಲಿಲ್ಲ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಎರಡೂ ಮುಖದ ಅಚ್ಚು ತೆಗೆದುಕೊಂಡಳು. ಬೈಲಕುಪ್ಪೆಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಅತ್ತೆ ಆಗಲೇ ಪಾಸಾಂಗನನ್ನು ಕೇಳುತ್ತಿದ್ದಳು.