ಅರ್ಧ ಬೆರಳು

“ಬಂಗಾರೀ, ಕಣ್ಣು ಹೋಗಿದ್ಯೇನೇ? ಸಾಹೇಬ್ರು ಕೂರೋ ಜಾಗದಲ್ಲೇ ಮುದ್ದೆ ಮುದ್ದೆ ಸಗಣಿ ಬಿಟ್ಟಿದ್ಯಲ್ಲೇ, ಮುಂಡೆ! ತೀಡೇ ಸರಿಯಾಗಿ.”

ಬೈದವರು ನಮ್ಮೂರು ಕಲ್ಲುಬ್ಯಾಣದ ಒಡೆಯರು, ಮಂಜುನಾಥಪ್ಪನವರು. ನಾನು ಶಾಲೆಯ ಅಂಗಳ ಸಾರಿಸುತ್ತಿದ್ದೆ. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ತುಂಬಿತಂತೆ. ಅವತ್ತು ಒಡೆಯರಿಗೆ ಸರ್ಕಾರದವರು ತಾಮ್ರಪತ್ರ ಕೊಡುವುದಿತ್ತು. ದೇಶಕ್ಕಾಗಿ ಜೈಲಿಗೆ ಹೋದವರಲ್ಲವೇ, ಮಹಾನುಭಾವರು! ಮುಂಡೆ ಎಂದದ್ದಕ್ಕೆ ನನಗೇನೂ ಸಿಟ್ಟು ಬರಲಿಲ್ಲ. ಹೋದ ಆಷಾಢದಿಂದ ನಾನು ಮುಂಡೆಯೇ. ನಮ್ಮನೆಯವರು ಮೂವತ್ತು ವರ್ಷ ಕೆಮ್ಮಿ ಕೆಮ್ಮಿ ಸತ್ತರು. ಆ ಕೆಮ್ಮು ಹತ್ತಿದ್ದು ಅದೇ ಜೈಲಿನಲ್ಲಿ.

ಒಡೆಯರು ಹೋದ ಜೈಲಿನಲ್ಲಿ ನಿನ್ನ ಗಂಡನಿಗೇನು ಕೆಲಸ ಎಂದು ಕೇಳುತ್ತೀರಿ. ಹೇಳುತ್ತೇನೆ, ಚೂರು ತಾಳಿ.

ಪರಂಗಿಯವರ ಕಾಲ. ಸರ್ಕಾರಿ ಕಾಡಿನ ಗಂಧದ ಮರ ಕಡಿದು ಕಾನೂನು ಮುರಿಯಬೇಕೆಂದು ಖಾದಿಯವರು ಊರೂರಿಗೆ ಬಂದು ಹೇಳಿದರು. ಅವರ ಕಟ್ಟಳೆ ಮೂರು. ಕಡಿದವನು ಓಡಬಾರದು. ಹೊಡೆದರೆ ತಿರುಗಿ ಕೈ ಎತ್ತಬಾರದು. ಕೇಳಿದರೆ ತನ್ನ ಹೆಸರು ಮುಚ್ಚಿಡಬಾರದು. ಒಡೆಯರು ಸಭೆಯಲ್ಲಿ ಎದೆ ತಟ್ಟಿಕೊಂಡು ಹೆಸರು ಬರೆಸಿದರು. ಮರ ಕಡಿಯುವ ದಿನ ಬೆಳಗ್ಗೆ ಅವರಿಗೆ ಹೊಟ್ಟೆನೋವು ಬಂತು. ನಮ್ಮನೆಯವರನ್ನು ಹಿತ್ತಿಲಿಗೆ ಕರೆಸಿ ತಮ್ಮ ಜುಬ್ಬ, ಟೋಪಿ ಹಾಕಿಸಿದರು.

“ಹೆಸರು ಕೇಳಿದ್ರೆ ನಂದೇ ಹೇಳು. ತಿಳೀತೇನೋ? ನಿಂದು ಬಾಯಿಗೆ ಬಂತೋ, ಗುಡಿಸ್ಲು ಕಿತ್ತು ಹೊಳೆಗೆ ಹಾಕ್ತೀನಿ.”

ಗುಡಿಸಲಲ್ಲಿ ನಾನಿದ್ದೆ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಮ್ಮನೆಯವರು ಮರ ಕಡಿದರು, ಓಡಲಿಲ್ಲ. ಲಾಠಿ ಬಿತ್ತು, ಕೈ ಎತ್ತಲಿಲ್ಲ. ಮೂರನೆಯ ಕಟ್ಟಳೆಯೊಂದನ್ನು ಮುರಿದರು. ನಾಲ್ಕು ತಿಂಗಳು ಜೈಲಿನಲ್ಲಿ ಕಲ್ಲು ಒಡೆದರು. ಆ ನಾಲ್ಕು ತಿಂಗಳು ಒಡೆಯರು ಹೆಂಡತಿಯ ತವರಿನ ಅಟ್ಟದಲ್ಲಿ ಕೂತು ಕೋಳಿ ಸಾರು, ಕಡುಬು ತಿಂದು ಮೈ ತುಂಬಿಕೊಂಡು ಇಳಿದರು. ಊರಿಗೆಲ್ಲ ಗೊತ್ತು. ಆದರೆ ನಮ್ಮ ಗುಡಿಸಲುಗಳೆಲ್ಲ ಇದ್ದದ್ದು ಒಡೆಯರ ಜಾಗದಲ್ಲೇ, ಬಾಯಿ ಬಿಡುವವರು ಯಾರು?

ಸಾಯುವ ದಿನ ನಮ್ಮನೆಯವರು ಕೇಳಿದ್ದು ಗಂಜಿಯನ್ನಲ್ಲ. “ಒಂದು ಸರ್ಕಾರಿ ಕಾಗದದಲ್ಲಾದ್ರೂ ನನ್ ಹೆಸ್ರು ಬರ್ಬೇಕಿತ್ತು ಕಣೇ” ಎಂದರು. “ಬರ್ಸ್ತೀನಿ, ಸುಮ್ನಿರಿ” ಎಂದೆ. ಹೆಬ್ಬೆಟ್ಟು ಒತ್ತುವವಳ ದೊಡ್ಡ ಮಾತು! ಆದರೂ ಕೊಟ್ಟ ಮಾತು ಕೊಟ್ಟದ್ದೇ.

ತಹಸೀಲ್ದಾರರು ಜೀಪಿನಲ್ಲಿ ಬಂದರು. ಬಾವುಟ ಏರಿತು, ಭಾಷಣವಾಯಿತು. ನಾವು ಕೂಲಿಯವರು ಅಂಗಳದ ಅಂಚಿನಲ್ಲಿ ಕೂತಿದ್ದೆವು. ಗುಮಾಸ್ತನೊಬ್ಬ ಜೈಲಿನಿಂದ ತರಿಸಿದ ಕಾಗದವನ್ನು ತಲೆ ಎತ್ತದೆ ಓದುತ್ತಾ ಹೋದ: ಹೆಸರು ಇಂಥದ್ದು, ಊರು ಇಂಥದ್ದು, ಶಿಕ್ಷೆ ನಾಲ್ಕು ತಿಂಗಳು.

“ಗುರುತು, ಎಡಗೈ ಕಿರುಬೆರಳು ಅರ್ಧ ಇಲ್ಲ.”

ಒಡೆಯರು ಆಗಲೇ ಎರಡೂ ಕೈ ಚಾಚಿ ತಾಮ್ರಪತ್ರ ಹಿಡಿದಿದ್ದರು. ಹತ್ತು ಬೆರಳೂ ದುಂಡುದುಂಡಗೆ ಕಾಣುತ್ತಿದ್ದವು. ಎಡಗೈ ಕಿರುಬೆರಳಿಗೆ ಹರಳಿನ ಉಂಗುರ ಬೇರೆ! ತಹಸೀಲ್ದಾರರು ಉಂಗುರ ನೋಡಿದರು, ಕಾಗದ ನೋಡಿದರು.

“ಜೈಲಿನೋರು ಏನೋ ತಪ್ಪು ಬರ್ದಿದಾರೆ. ಮುಂದಕ್ಕೆ ಓದ್ರೀ.”

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮನೆಯವರ ಆ ಬೆರಳು ಅರೆದುಹೋದದ್ದು ಇದೇ ಒಡೆಯರ ಆಲೆಮನೆಯ ಗಾಣದಲ್ಲಿ. ಎದ್ದು ನಿಂತೆ.

“ತಪ್ಪಲ್ಲ ಸ್ವಾಮಿ. ಆ ಬೆರ್ಳು ನಮ್ಮನೇರ್ದು. ಜೈಲಿಗೆ ಹೋಗಿದ್ದೂ ನಮ್ಮನೇರೇ.”

“ಯಾರಮ್ಮ ನಿಮ್ಮನೆಯವರು? ಹೆಸರೇನು?”

ಅಲ್ಲಿ ಸಿಕ್ಕಿಬಿದ್ದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನಿಗೆ ಕೇಡು. ಯಾರಾದರೂ ಕೇಳಿದರೆ ಪಕ್ಕದವಳನ್ನು ತಿವಿಯುತ್ತೇವೆ, ಅವಳು ಹೇಳುತ್ತಾಳೆ. ಅಷ್ಟೇ ಕೆಲಸ. ಪಕ್ಕದ ಗುಡಿಸಲಿನ ಸರೋಜಳನ್ನು ತಿವಿದೆ. ಅವಳ ಮದುವೆಗೆ ಚಪ್ಪರ ಹಾಕಿದ್ದು ನಮ್ಮನೆಯವರು.

“ಹೇಳೇ ಸರೋಜ.”

“ನಂಗೆ ಎಂತ ಗೊತ್ತು, ಬಂಗಾರತ್ತೆ?” ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡಳು.

ನಮ್ಮನೆಯವರ ಜೊತೆಗೆ ಗೇದು ಉಂಡ ಮಾರಪ್ಪನ ಕಡೆ ತಿರುಗಿದೆ. ಅವನು ಬಾವುಟ ನೋಡತೊಡಗಿದ. ಒಡೆಯರು ಮೇಲಿನಿಂದ ಒಬ್ಬೊಬ್ಬರನ್ನೇ ಕಣ್ಣಲ್ಲಿ ಅಳೆಯುತ್ತಿದ್ದರು.

“ಗಂಡನ ಹೆಸ್ರೇ ಗೊತ್ತಿಲ್ಲ ನೋಡಿ ಸಾರ್ ಇವಳಿಗೆ! ಪಾಪ, ಅವನು ಸತ್ತ ಮೇಲೆ ತಲೆ ಸರಿ ಇಲ್ಲ. ಒಂದು ಲಾಡು ಜಾಸ್ತಿ ಕೊಡ್ರೋ ಅವ್ಳಿಗೆ.”

ಎಲ್ಲರೂ ನಕ್ಕರು. ಸರೋಜಳೂ ನಕ್ಕಳು. ಥೂ, ಅವಳ ಜನ್ಮಕ್ಕಿಷ್ಟು! ಕೈಗೆ ಬಂದ ಲಾಡನ್ನು ಬಾಗಿಲ ನಾಯಿಗೆ ಹಾಕಿ ಹೊರಟೆ.

ಗುಡಿಸಲಿನಿಂದ ಸೊಪ್ಪು ಕಡಿಯುವ ಕತ್ತಿ ತೆಗೆದುಕೊಂಡೆ. ರಿಪ್ಪನ್‌ಪೇಟೆ ರಸ್ತೆಯ ಫಾರೆಸ್ಟ್ ಗೇಟಿನ ಹಿಂದೆ ತೋಳಿನಷ್ಟು ದಪ್ಪದ ಗಂಧದ ಗಿಡವೊಂದಿತ್ತು. ಹಾಡುಹಗಲು, ಗೇಟಿನಲ್ಲಿ ನಿಂತ ಬಸ್ಸಿನವರೆಲ್ಲ ನೋಡುತ್ತಿದ್ದಂತೆ ಕಡಿದು ಕೆಡವಿದೆ. ಎಳೆದು ತಂದು ಗಾರ್ಡಿನ ಮೇಜಿನ ಮುಂದೆ ಹಾಕಿ, ಕತ್ತಿ ಪಕ್ಕಕ್ಕಿಟ್ಟು ಕೂತೆ.

ಗಾರ್ಡು ಬಯಲುಸೀಮೆಯಿಂದ ಹೊಸದಾಗಿ ಬಂದವನು. ಬೆವತುಹೋದ.

“ಯವ್ವಾ, ಹುಚ್ಚು ಗಿಚ್ಚು ಹಿಡದೈತೇನು? ಗಂಧ ಇದು, ಜೈಲಾಗ್ತೈತೆ! ಓಡು, ನಾ ನೋಡಿಲ್ಲ.”

“ನಾ ಓಡಲ್ಲ. ಕೇಸು ಬರ್ಕೋ ಮಾರಾಯ.”

ಬಸ್ಸಿನ ಜನ ಇಳಿದು ಸುತ್ತ ಮುತ್ತಿದರು. ಅಷ್ಟು ಕಣ್ಣುಗಳ ಮುಂದೆ ಅವನಿಗೆ ಬೇರೆ ದಾರಿ ಇರಲಿಲ್ಲ, ಸರ್ಕಾರಿ ರಿಜಿಸ್ಟರ್ ಬಿಚ್ಚಿದ. ಸುದ್ದಿ ಕೇಳಿ ಸರೋಜ, ಮಾರಪ್ಪ ಏದುಸಿರು ಬಿಡುತ್ತಾ ಓಡಿ ಬಂದರು. ಗಾರ್ಡು ನನ್ನ ಹೆಸರು ಕೇಳಿದ, ಊರು ಕೇಳಿದ. ಹೇಳಿದೆ.

“ಗಂಡನ ಹೆಸರು?”

“ನಾ ಹೇಳ್ತೀನಿ, ಬಂಗಾರತ್ತೆ” ಎಂದು ಸರೋಜ ಅಳುತ್ತಾ ಮುಂದೆ ಬಂದಳು.

“ಮುಚ್ಚೇ ಬಾಯಿ! ಹೇಳೋ ಹೊತ್ತಲ್ಲಿ ಸೆರಗು ಕಚ್ಚಿದ್ಯಲ್ಲ, ಈಗ್ಲೂ ಅದನ್ನೇ ಕಚ್ಕೊಂಡಿರು.”

ಗಾರ್ಡಿನ ಕಡೆ ತಿರುಗಿದೆ. ಸತ್ತವರಿಗೆ ಇನ್ನೇನು ಕೇಡು? ಬದುಕಿದ್ದಾಗಲೇ ಎಲ್ಲ ಕೇಡೂ ಆಗಿಹೋಗಿತ್ತು.

“ಕೆರಿಯಪ್ಪ.”

ಒಂದೇ ಸಲಕ್ಕೆ, ಗಂಟಲು ಬಿಚ್ಚಿ ಹೇಳಿದೆ. ಅವನು ಬರೆದುಕೊಂಡ.

“ಬರ್ದ್ಯಾ? ಓದು.”

“ಬಂಗಾರಮ್ಮ, ಕೋಂ ಲೇಟ್ ಕೆರಿಯಪ್ಪ.”

“ಇನ್ನೊಂದ್ಸಲ. ಗಟ್ಟಿಯಾಗಿ ಓದು.”

ಓದಿದ. ಬಸ್ಸಿನವರಿಗೆಲ್ಲ ಕೇಳಿಸಿತು. ಬೇಡಿ ಹಾಕಲೆಂದು ನಾನು ಎರಡೂ ಕೈ ಮುಂದಕ್ಕೆ ಚಾಚಿದೆ.