ಉಗುರು ಊರದ ಬುಶ್

ಕಾಂತರಾಜನ ಕಣ್ಣೆದುರು ಯಾವುದೂ ಅಲ್ಲಾಡುವಂತಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದವನು. ಬಾಗಿಲಿನ ತಿರುಗಣಿ ಸಡಿಲವಾಗಿದೆ ಎಂದರೆ ಊಟ ಬಿಟ್ಟು ಎದ್ದು ಬಿಗಿ ಮಾಡುತ್ತಿದ್ದ. ನೆಂಟರ ಮನೆಗೆ ಹೋದರೆ ಕಾಫಿ ಬರುವುದರೊಳಗೆ ಅವರ ಕುರ್ಚಿಯನ್ನು ತಲೆಕೆಳಗೆ ಮಾಡಿ ಸ್ಕ್ರೂ ನೋಡುತ್ತಿದ್ದ. ಕ್ವಾರ್ಟರ್ಸಿನ ಜನ ಬೆನ್ನ ಹಿಂದೆ ಅವನನ್ನು ‘ಟೈಟ್ ಕಾಂತರಾಜು’ ಎನ್ನುತ್ತಿದ್ದರು. ಎದುರಿಗೂ ಹಾಗೇ ಎನ್ನುತ್ತಿದ್ದರು, ಯಾಕೆಂದರೆ ಅವನಿಗೆ ಅದು ಬಿರುದಿನಂತೆ ಕೇಳುತ್ತಿತ್ತು. ಸಡಿಲ ಎಂದರೆ ರೋಗ, ಬಿಗಿ ಎಂದರೆ ಆರೋಗ್ಯ. ಅವನ ಶಾಸ್ತ್ರ ಅಷ್ಟೇ.

ಅಂಥವನ ಮನೆಯಲ್ಲಿ ಹೆಂಡತಿ ಧನಲಕ್ಷ್ಮಿಯ ಬೆನ್ನೇ ಕೈಕೊಟ್ಟಿತು. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಮೊದಲು ಸೊಂಟನೋವು ಎಂದುಕೊಂಡು ಎಣ್ಣೆ ಹಚ್ಚಿದರು, ಬಿಸಿ ನೀರಿನ ಶಾಖ ಕೊಟ್ಟರು. ಒಂದು ಬೆಳಿಗ್ಗೆ ಅವಳು ಮಂಚದಿಂದ ಇಳಿಯಲು ಹೋದರೆ ಕಾಲುಗಳು ಮಾತು ಕೇಳಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆನ್ನುಮೂಳೆಯೊಳಗೆ ಕೀವು ಕಟ್ಟಿದೆ, ನರವನ್ನು ಒತ್ತುತ್ತಿದೆ ಎಂದರು. ಆಪರೇಷನ್ ಆಯಿತು. ಮೂರು ವಾರಕ್ಕೆ ಮನೆಗೆ ಕಳಿಸಿದರು.

“ಪ್ರತಿ ಬುಧವಾರ ಕರ್ಕೊಂಡು ಬನ್ನಿ, ಕೀವು ತೆಗೀಬೇಕು,” ಎಂದರು ಡಾಕ್ಟರು. “ಹನ್ನೆರಡು ವಾರ. ಒಂದು ವಾರ ತಪ್ಪಿದ್ರೂ ಕಾಲು ಎರಡೂ ಹೋಗುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ.” ಅವರು ಪೆನ್ನಿನ ಮುಚ್ಚಳದಿಂದ ಅವಳ ಅಂಗಾಲನ್ನು ಗೀರಿ ತೋರಿಸಿದರು. ಹೆಬ್ಬೆರಳು ಚೂರೇ ಚೂರು ಮಡಚಿಕೊಂಡಿತು. “ಇದು ಅಲ್ಲಾಡೋ ತನಕ ಭರವಸೆ ಇದೆ.”

ಜೀವಮಾನವಿಡೀ ಅಲ್ಲಾಡುವುದನ್ನೆಲ್ಲ ನಿಲ್ಲಿಸಿದವನು ಈಗ ಒಂದು ಹೆಬ್ಬೆರಳು ಅಲ್ಲಾಡಲಿ ಎಂದು ದಿನಕ್ಕೆ ಹತ್ತು ಸಲ ಹೆಂಡತಿಯ ಕಾಲ ಬಳಿ ಕೂರತೊಡಗಿದ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರು. ನೆಟ್ಟಗಿರುವವರಿಗೆ ಅದೊಂದು ದೂರವೇ ಅಲ್ಲ. ಆದರೆ ಆ ವರ್ಷದ ರಸ್ತೆಯನ್ನು ರಸ್ತೆ ಎನ್ನುವುದಕ್ಕೆ ಗುಂಡಿಗೆ ಬೇಕಿತ್ತು. ಶಿವಮೊಗ್ಗದ ರವೀಂದ್ರನಗರದಲ್ಲಿ ಅವಳ ಅಣ್ಣನ ಮನೆಯಿತ್ತು, ಅಲ್ಲೇ ಉಳಿಯೋಣವೆಂದರೆ ಅದು ಎರಡನೇ ಮಹಡಿ. ಇಪ್ಪತ್ತೆಂಟು ಮೆಟ್ಟಿಲು ಹತ್ತಿಸುವುದು ಯಾರಿಂದ ಸಾಧ್ಯ? ಒಮ್ಮೆ ಆಟೊದಲ್ಲಿ ಕರೆದೊಯ್ದು ನೋಡಿದ; ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಉಳಿದದ್ದು ಅವನದೇ ಹಳೇ ಅಂಬಾಸಿಡರ್. ಅದರ ಹಿಂದಿನ ಸೀಟಿನಲ್ಲಿ ಅವಳು ಎಡ ಮಗ್ಗುಲಾಗಿ, ಮಂಡಿ ಮಡಚಿಕೊಂಡು ಮಲಗಬಹುದಿತ್ತು.

ಆ ಕಾರಿಗೂ ವಯಸ್ಸು ಇಪ್ಪತ್ತೆರಡಾಗಿತ್ತು. ಗುಂಡಿಗೆ ಇಳಿದರೆ ಲಟಕ್, ಹತ್ತಿದರೆ ಲಟಕ್. ಹಿಂದಿನಿಂದ ಅವಳು “ಅಯ್ಯೋ ಅವ್ವಾ” ಎಂದು ಕೂಗುತ್ತಿದ್ದಳು. ಲಟಕ್ ಎಂದಾಗಲೆಲ್ಲ ಅಯ್ಯೋ. ಕಾಂತರಾಜ ಸ್ಟಿಯರಿಂಗ್ ಹಿಡಿದು ಹಲ್ಲು ಕಚ್ಚುತ್ತಿದ್ದ. ನಾಲ್ಕನೇ ಬುಧವಾರ ಮನೆ ಮುಟ್ಟಿದಾಗ ಅವಳ ಮುಖ ಸುಣ್ಣದಂತೆ ಬಿಳಿಚಿತ್ತು.

“ಇನ್ನು ಈ ಗಾಡೀಲಿ ನನ್ನ ಕೈಲಾಗಲ್ಲ ರೀ,” ಎಂದಳು.

ಅವನು ನೇರ ಕಾರಿನ ಅಡಿಗೆ ತೂರಿದ. ಟಾರ್ಚು ಬಿಟ್ಟು ನೋಡಿದರೆ ಬುಶ್‌ಗಳೆಲ್ಲ ಸತ್ತಿದ್ದವು. ಚಕ್ರ ಹೊತ್ತ ಕಬ್ಬಿಣ ಕಾರಿನ ಮೈಗೆ ಕೂಡುವ ಕಡೆಯೆಲ್ಲ, ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲಿ ಎಂದು ರಬ್ಬರಿನ ಬಳೆಗಳಿರುತ್ತವಲ್ಲ, ಅವು. ಮುಂದಿನವು ಹಳೇ ಚಪ್ಪಲಿ ಅಟ್ಟೆಯ ಹಾಗೆ ಬೆರಳಿಗೆ ಉದುರಿದವು. ಹಿಂದೆ ಸ್ಪ್ರಿಂಗ್ ಪಟ್ಟಿಯ ತುದಿಯಲ್ಲಿ ರಬ್ಬರೇ ಇರಲಿಲ್ಲ. ಕೈಯಲ್ಲಿ ಅಲ್ಲಾಡಿಸಿದರೆ ಲಟಕ್ ಎಂದಿತು. ಸಿಕ್ಕಿಬಿದ್ದ ಕಳ್ಳ, ಎಂದುಕೊಂಡ ಕಾಂತರಾಜ. ಮೂರು ತಿಂಗಳಲ್ಲಿ ಮೊದಲ ಸಲ ತನ್ನ ಕೈಗೆ ನಿಲುಕುವ ಶತ್ರು ಕಂಡಿತ್ತು. ಅವಳ ಮೂಳೆಯೊಳಗೆ ಕೈಹಾಕಲು ಅವನಿಂದ ಆಗುತ್ತಿರಲಿಲ್ಲ, ಇದಕ್ಕೆ ಆಗುತ್ತಿತ್ತು.

ಅಂಗಡಿಯ ರಬ್ಬರ್ ಅವನಿಗೆ ಬೇಡವಾಗಿತ್ತು. ಹಳೇನಗರದಲ್ಲಿ ಲೇತ್ ಇಟ್ಟುಕೊಂಡಿದ್ದ ಚೌಡಪ್ಪ ಹಳೆಯ ಸ್ನೇಹಿತ. ಮಿಲ್ಲಿನ ರೋಲರುಗಳಿಗೆ ಹೊದಿಸುವ ಪಾಲಿಯುರಿಥೇನ್ ಎಂಬ ವಸ್ತುವಿನ ತುಂಡುಗಳನ್ನು ತಂದು ಲಾರಿಯವರಿಗೆ ಬುಶ್ ಕಡೆದುಕೊಡುತ್ತಿದ್ದ. ಜೇನಿನ ಬಣ್ಣದ ಎರಡು ಸರಳುಗಳನ್ನು ಅವನು ಮೇಜಿನ ಮೇಲಿಟ್ಟ.

“ಇದು ಸ್ವಲ್ಪ ಮೆತ್ತಗೆ, ಇದು ಗಟ್ಟಿ. ಎರಡೂ ರಬ್ಬರಿನ ಅಪ್ಪಂದಿರು,” ಎಂದ ಚೌಡಪ್ಪ.

ಕಾಂತರಾಜ ಫಿಟ್ಟರುಗಳ ಪದ್ಧತಿಯಂತೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದ. ಮೊದಲನೆಯದರಲ್ಲಿ ಉಗುರು ಊರಿ ಗೆರೆ ಬಿತ್ತು. ಎರಡನೆಯದರಲ್ಲಿ ಉಗುರೇ ಬಾಗಿತು.

“ಇದ್ರಲ್ಲೇ ಕಡೆದುಕೊಡು.”

“ಅದು ಲಾರಿಗೆ ಹಾಕೋದು ಮಾರಾಯ. ಕೂತವರಿಗೆ ಒಂಚೂರು—”

“ಕೂತವರಲ್ಲ, ಮಲಗಿದವರು. ಒಂದು ಕೂದಲಿನಷ್ಟೂ ಪ್ಲೇ ಇರ್ಬಾರ್ದು ಚೌಡಪ್ಪ. ಸಡಿಲ ಇದ್ದಿದ್ದಕ್ಕೇ ಅವಳ ಜೀವ ಹೋಗ್ತಿರೋದು.”

ಚೌಡಪ್ಪ ಇನ್ನೇನೋ ಹೇಳಹೊರಟವನು ಗೆಳೆಯನ ಮುಖ ನೋಡಿ ಸುಮ್ಮನಾದ. ಅವನು ಆವತ್ತು ಸುಮ್ಮನಾಗಬಾರದಿತ್ತು. ಆದರೆ ಟೈಟ್ ಕಾಂತರಾಜನಿಗೆ ಬುದ್ಧಿ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ.

ಎರಡು ದಿನ ಕಾಂತರಾಜ ಕಾರಿನಡಿಯಿಂದ ಎದ್ದೇಳಲಿಲ್ಲ. ಹಳೇ ರಬ್ಬರ್ ಕೆತ್ತಿ ತೆಗೆದು, ತುಕ್ಕು ಉಜ್ಜಿ, ಒಂದೊಂದೇ ಜೇನಿನ ಬಳೆಗೆ ಗ್ರೀಸ್ ಸವರಿ, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೂರಿಸಿದ. ಆಮೇಲೆ ಕಾರಿನ ಮೂಲೆ ಹಿಡಿದು ಅಲುಗಿಸಿದರೆ ಗುಡಿಯ ಕಂಬ ಅಲುಗಿಸಿದ ಹಾಗೆ.

ಐದನೇ ಬುಧವಾರ ಕಾರು ಹೊರಟಿತು. ಕಡದಕಟ್ಟೆಯ ರೈಲ್ವೆ ಗೇಟಿನ ಹಳಿ ದಾಟುವಾಗ ಕಾಂತರಾಜ ಉಸಿರು ಬಿಗಿಹಿಡಿದ. ಲಟಕ್ ಎನ್ನಲಿಲ್ಲ. ಹಿಂದಿನಿಂದ ಅಯ್ಯೋ ಎಂಬ ದನಿಯೂ ಬರಲಿಲ್ಲ. ಮೊದಲ ದೊಡ್ಡ ಗುಂಡಿ, ಎರಡನೆಯದು, ಮಲವಗೊಪ್ಪದ ತಿರುವು. ಇಲ್ಲ, ಒಂದು ಸದ್ದೂ ಇಲ್ಲ. ಕನ್ನಡಿಯಲ್ಲಿ ಅವಳು ಕಾಣುತ್ತಿರಲಿಲ್ಲ, ಮಲಗಿದ್ದಳಲ್ಲ.

“ನೋವಾಯ್ತಾ ಲಕ್ಷ್ಮೀ?”

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. “ಇಲ್ಲ ರೀ.”

ಅವನಿಗೆ ಕಣ್ಣು ತುಂಬಿಬಂತು. ಆವತ್ತು ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ರೈಲ್ವೆ ಸ್ಟೇಷನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಪಕ್ಕದ ಮನೆಯ ಗುರುವನ್ನು ಕರೆದು ಕಾರಿನ ಅಡಿ ತೋರಿಸಿದ. ಚಾಪೆಯ ಮೇಲೆ ಬಿದ್ದವನು ಬೆಳಗಿನ ತನಕ ಮಗ್ಗುಲು ಬದಲಿಸಲಿಲ್ಲ.

ಆರನೇ ಬುಧವಾರವೂ ಹಾಗೇ, ಸದ್ದಿಲ್ಲದೆ ಹೋಗಿ ಬಂದರು. ಆದರೆ ಆವತ್ತು ಡಾಕ್ಟರು ಅಂಗಾಲನ್ನು ಎರಡು ಸಲ ಗೀರಿದರು. “ಹೋದ ವಾರಕ್ಕಿಂತ ಕಮ್ಮಿ ಇದೆಯಲ್ರೀ,” ಎಂದರು. “ತಪ್ಪಿಸ್ಬೇಡಿ. ಏನೇ ಆದ್ರೂ ತಪ್ಪಿಸ್ಬೇಡಿ.”

ಮುಂದಿನ ಮಂಗಳವಾರ ಬೆಳಿಗ್ಗೆ ಧನಲಕ್ಷ್ಮಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ನಾಳೆ ನಾನು ಬರಲ್ಲ.”

“ಯಾಕೆ?”

“ಬರಲ್ಲ ಅಂದ್ನಲ್ಲ. ಕಾಲು ಹೋದ್ರೆ ಹೋಗ್ಲಿ. ಸಾಕು.”

ಕಾಂತರಾಜ ಬೇಡಿಕೊಂಡ. ದೇವರ ಮೇಲೆ ಆಣೆಯಿಟ್ಟ. ಅವಳು ತಿರುಗಲಿಲ್ಲ. ದಿಕ್ಕು ತೋಚದ ಗಂಡಸಿಗೆ ಕೊನೆಗೆ ಸಿಗುವುದು ಸಿಟ್ಟೊಂದೇ. ಅವನೂ ಅದನ್ನೇ ಹಿಡಿದ. “ಗಾಡಿ ಹೂವಿನ ಹಾಗೆ ಹೋಗ್ತಿದೆ! ಒಂದು ಸದ್ದಿದೆಯಾ ಅದ್ರಲ್ಲಿ? ನೀನೇ ನೋವಿಲ್ಲ ಅಂದೆ. ನಿಂಗೆ ಮಲಗೋದು ರೂಢಿಯಾಗಿದೆ ಮಾರಾಯ್ತಿ, ಎದ್ದು ಓಡಾಡೋ ಮನಸ್ಸೇ ಇಲ್ಲ!”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಮಲಗಿಯೇ ಇರುವವಳೊಂದಿಗೆ ಆಡಿದ ಜಗಳಕ್ಕೆ ಆ ಮಾತು ಸಲ್ಲುವುದಿಲ್ಲ. ಆಡಿದ ಕೂಡಲೇ ಅವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು, ಆದರೆ ತಪ್ಪೊಪ್ಪಿಕೊಳ್ಳುವಷ್ಟು ಸಡಿಲ ಅವನ ಗಂಟಲಲ್ಲಿರಲಿಲ್ಲ. ಅವಳು ಗೋಡೆಗೆ ಹೇಳಿಕೊಂಡಂತೆ ಮೆಲ್ಲಗೆ ಅಂದಳು: “ಒಂದ್ಸಲ ನೀವು ಮಲಗಿ ನೋಡಿ.”

“ಮಲಗ್ತೀನಿ! ಈಗಲೇ ಮಲಗಿ ಬಂದು ಹೇಳ್ತೀನಿ!”

ಗುರುವನ್ನು ಎಬ್ಬಿಸಿ ಕಾರಿನ ಕೀ ಕೈಗಿತ್ತ. “ಶಿವಮೊಗ್ಗದ ಕಡೆ ಓಡಿಸು. ನಾನು ಓಡಿಸೋ ಹಾಗೇ ಓಡಿಸು.” ಹಿಂದಿನ ಸೀಟಿನಲ್ಲಿ ಅವಳಂತೆಯೇ ಎಡ ಮಗ್ಗುಲಾಗಿ, ಮಂಡಿ ಮಡಚಿ ಮಲಗಿದ. ಸುಳ್ಳನ್ನು ಹಿಡಿದೇಬಿಡುತ್ತೇನೆ ಎಂಬ ಹಟದಲ್ಲಿ.

ಬೀದಿಯ ತಿರುವಿನ ತನಕ ಏನೂ ಆಗಲಿಲ್ಲ. ಜಲ್ಲಿ ಶುರುವಾಯಿತು. ಒಂದೊಂದು ಕಲ್ಲೂ ಚಕ್ರದಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಸೀಟಿಗೆ, ಸೀಟಿನಿಂದ ನೇರ ಅವನ ಬೆನ್ನಿನ ಮಣಿಗಳಿಗೆ ಬಂತು. ನಡುವೆ ತಡೆಯುವುದು ಏನೂ ಇರಲಿಲ್ಲ. ತಡೆಯಬೇಕಾದ ರಬ್ಬರಿನ ಜಾಗದಲ್ಲಿ ಅವನೇ ಲಾರಿಗೆ ಹಾಕುವುದನ್ನು ತಟ್ಟಿ ಕೂರಿಸಿದ್ದ. ಡ್ರೈವರ್ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಾಗ ಇದೊಂದೂ ಅವನಿಗೆ ಗೊತ್ತಾಗಿರಲಿಲ್ಲ.

“ಏನ್ ಗಾಡಿ ಅಣ್ಣ! ಹಗ್ಗ ಕಟ್ಟಿ ಎಳೆದ ಹಾಗೆ ನೆಟ್ಟಗೆ ಹೋಗ್ತದೆ!” ಎಂದ ಗುರು ಮುಂದಿನಿಂದ.

ರೈಲ್ವೆ ಗೇಟು ಬಂತು. ಹಳಿಯ ಮೊದಲ ಏಟಿಗೆ ಕಾಂತರಾಜನ ಬಾಯಿಂದ ಕೂಗು ಹೊರಡುವುದರಲ್ಲಿತ್ತು. ಅವನದು ಗಟ್ಟಿ ಬೆನ್ನು, ಕೀವಿಲ್ಲ, ಹೊಲಿಗೆಯಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು. ಎರಡನೇ ಏಟಿಗೆ ಹಿಡಿದುಕೊಳ್ಳಲು ಏನಾದರೂ ಸಿಗುವುದೇ ಎಂದು ಸೀಟಿನ ಸಂದಿಗೆ ಕೈ ಹಾಕಿದ. ಬಟ್ಟೆಯೊಂದು ಕೈಗೆ ಬಂತು.

ಅವಳ ನೀಲಿ ಅಂಚಿನ ಟವಲ್. ಮಡಚಿ ಮಡಚಿ ಸಂದಿಯ ಒಳಕ್ಕೆ ತುರುಕಿದ್ದಳು. ಬಿಡಿಸಿ ನೋಡಿದ. ಒಂದು ಅಂಚಿನುದ್ದಕ್ಕೂ ಹಲ್ಲಿನ ಗುರುತು. ಎರಡು ಕಡೆ ನೂಲು ಕಿತ್ತು ಬಂದಿತ್ತು. ಒಂದು ಕಡೆ ರಕ್ತ ಕಂದಾಗಿ ಒಣಗಿತ್ತು.

ಆಗ ಅವನಿಗೆ ಎಲ್ಲವೂ ತಿಳಿಯಿತು. ಕಾರು ಲಟಲಟ ಎನ್ನುತ್ತಿದ್ದಾಗ ಅವಳು ಮನಸಾರೆ ಕೂಗಿಕೊಳ್ಳುತ್ತಿದ್ದಳು. ಸದ್ದೆಲ್ಲ ಹೋದ ಕಾರಿನಲ್ಲಿ ಅವಳ ಒಂದು ಉಸಿರೂ ಗಂಡನ ಕಿವಿಗೆ ಬೀಳುತ್ತಿತ್ತು. ಬೀಳಬಾರದೆಂದು ಟವಲ್ ಕಚ್ಚಿದ್ದಳು. ಹೋಗುವಾಗ ಇಪ್ಪತ್ತು ಕಿಲೋಮೀಟರು, ಬರುವಾಗ ಇಪ್ಪತ್ತು, ಎರಡು ಬುಧವಾರ.

“ನಿಲ್ಸು ಗುರು. ನಿಲ್ಸೋ!”

ರಸ್ತೆಯ ಬದಿಯಲ್ಲಿ ಇಳಿದು, ಆ ಟವಲನ್ನು ಮುಖಕ್ಕೆ ಒತ್ತಿಕೊಂಡು ಕಾಂತರಾಜ ಅತ್ತ. ಗುರು ಗಾಬರಿಯಾಗಿ ಬಾನೆಟ್ ಎತ್ತಿ ನೋಡತೊಡಗಿದ, ಪಾಪ.

ಬುಧವಾರಕ್ಕೆ ಒಂದೇ ದಿನ ಉಳಿದಿತ್ತು. ರಬ್ಬರ್ ಬುಶ್ ತರಲು ಗುರು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಓಡಿದ. ಇತ್ತ ಕಾಂತರಾಜ ಜೇನಿನ ಬಳೆಗಳನ್ನು ತೆಗೆಯಲು ಕೂತ. ಅವು ಬರಲೊಲ್ಲವು. ಎಂದೂ ಬರಬಾರದೆಂದೇ ಕೂರಿಸಿದ್ದನಲ್ಲ. ಮಾಡಿದ್ದುಣ್ಣೋ ಮಹರಾಯ. ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ, ಅಂಗೈ ಸಿಗಿದುಕೊಂಡು, ಒಂದೊಂದನ್ನೂ ಕೊಯ್ದು ತೆಗೆದ. ಮಧ್ಯಾಹ್ನ ಗುರು ತಂದ ರಬ್ಬರಿಗೆ ಉಗುರು ಒತ್ತಿದ. ಉಗುರು ಮೆತ್ತಗೆ ಊರಿತು. ಅದನ್ನೇ ಕೂರಿಸಿದ. ಟೈರಿನ ಗಾಳಿ ಸ್ವಲ್ಪ ಇಳಿಸಿದ. ಸ್ಪ್ರಿಂಗ್ ಬಗ್ಗಲಿ ಎಂದು ಡಿಕ್ಕಿಯಲ್ಲಿ ಎರಡು ಮೂಟೆ ಮರಳು ಹೇರಿದ.

ಸಂಜೆ ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಟವಲನ್ನು ಅವಳ ಕೈಯ ಹತ್ತಿರ ಇಟ್ಟ. ಅವಳು ನೋಡಿದಳು, ಕಣ್ಣು ಮುಚ್ಚಿದಳು.

“ಯಾಕೆ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ? ಮೂರು ತಿಂಗಳಾದ ಮೇಲೆ ಅವತ್ತು ನೀವು ಹೊಟ್ಟೆ ತುಂಬ ಉಂಡಿದ್ರಿ.”

ಅವನು ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡ. ಪಾದ ತಣ್ಣಗಿತ್ತು. “ತಪ್ಪಾಯ್ತು ಲಕ್ಷ್ಮೀ. ನಾಳೆ ಒಂದ್ಸಲ ಬಾ. ಆಮೇಲೆ ನೀನು ಹೇಳಿದ ಹಾಗೆ.”

ಬುಧವಾರ ಅವಳನ್ನು ಎತ್ತಿ ಸೀಟಿನಲ್ಲಿ ಮಲಗಿಸಿದ. “ನೋವಾದ್ರೆ ಕೂಗ್ಬೇಕು. ಕೇರಿಯೆಲ್ಲ ಕೇಳಿದ್ರೂ ಕೂಗ್ಬೇಕು. ಕೂಗಿದ ಕಡೆ ನಿಲ್ಲಿಸ್ತೀನಿ,” ಎಂದ.

ನೋವು ಹೋಗಿರಲಿಲ್ಲ, ಎಲ್ಲಿಗೆ ಹೋದೀತು? ಗೇಟಿನ ಹಳಿಯ ಮೇಲೆ ಅವಳು “ಅಯ್ಯೋ ಅವ್ವಾ” ಎಂದಳು. ಅವನು ದಾಟಿ, ನಿಲ್ಲಿಸಿ, ಹಿಂದೆ ತಿರುಗಿ ಕಾದ. ಹಿಂದಿನ ಲಾರಿಯವನು ಹಾರನ್ ಹೊಡೆದ, ಬೈದ. ಬೈಯಲಿ. ಅವಳು “ಹೂಂ” ಎಂದ ಮೇಲೆ ಹೊರಟ. ಮತ್ತೆ ಅಯ್ಯೋ, ಮತ್ತೆ ನಿಂತ. ಅರ್ಧ ಗಂಟೆಯ ದಾರಿ ಎರಡೂವರೆ ಗಂಟೆ ಹಿಡಿಯಿತು. ರಸ್ತೆಯನ್ನು ನೋಡಿ ಓಡಿಸುವುದನ್ನು ಬಿಟ್ಟು ಅವಳ ದನಿ ಕೇಳಿ ಓಡಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಕೀವು ತೆಗೆದು, ಅಂಗಾಲು ಗೀರಿದರು. ಹೆಬ್ಬೆರಳು ಮಡಚಿಕೊಂಡಿತೋ ಇಲ್ಲವೋ, ಕಾಂತರಾಜನಿಗೆ ಸರಿಯಾಗಿ ಕಾಣಲಿಲ್ಲ. ಡಾಕ್ಟರು “ಇನ್ನೂ ಐದು ವಾರ,” ಎಂದಷ್ಟೇ ಬರೆದುಕೊಂಡರು.

ಮತ್ತೆ ಅವಳನ್ನು ಎತ್ತಿ ಕಾರಿಗೆ ತಂದ. ಮಲಗಿಸಿ, ಬಾಗಿಲು ಹಾಕದೆ ಅಲ್ಲೇ ನಿಂತ. ಕೇಳಲು ಹೆದರಿಕೆ.

“ಮುಂದಿನ ಬುಧವಾರ ಬರ್ತೀಯಾ?”

ಕೂಗಿ ಕೂಗಿ ಅವಳ ಗಂಟಲು ಒಡೆದುಹೋಗಿತ್ತು.

“ಟವಲ್ ತರ್ಬೇಡಿ,” ಎಂದಳು. “ಬರ್ತೀನಿ.”