ಪಲ್ಮಿರಾ ಗೋಪುರ ಹತ್ತಿದ್ದು

ಇಟಲಿಯ ಬೊಲೋನ್ಯಾದಲ್ಲಿ ಓದುವ ಮಕ್ಕಳು ಅಸಿನೆಲ್ಲಿ ಗೋಪುರ ಹತ್ತುವುದಿಲ್ಲ. ದಿನಾ ಅದರ ಬುಡದಲ್ಲೇ ಓಡಾಡುತ್ತಾರೆ, ಅಲ್ಲೇ ಜಗಳವಾಡುತ್ತಾರೆ, ಅಲ್ಲೇ ರಾಜಿಯಾಗುತ್ತಾರೆ, ಆದರೆ ಹತ್ತುವುದು ಮಾತ್ರ ಇಲ್ಲ. ಪದವಿಗೆ ಮೊದಲು ಹತ್ತಿದವರಿಗೆ ಪದವಿ ಸಿಗುವುದೇ ಇಲ್ಲವಂತೆ. ದೇವರು ದಿಂಡರು ಅಂದರೆ ಮೂಗು ಮುರಿಯುವ ಹುಡುಗರೂ ಈ ಒಂದು ಮಾತಿಗೆ ಹೆದರುತ್ತಾರೆ. ಕಾನೂನು ಓದಲು ಬಂದ ಮೊದಲ ವಾರವೇ ಪಲ್ಮಿರಾ ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿ ನಕ್ಕಿದ್ದಳು. ಅಪ್ಪ ನಗಲಿಲ್ಲ. ಪದವಿ ಸಿಗಲಿ, ಇಬ್ಬರೂ ಒಟ್ಟಿಗೇ ಹತ್ತೋಣ ಎಂದಿದ್ದ.

ಅದಾಗಿ ಆರು ವರ್ಷ. ಈಗ ಆ ಅಪ್ಪ, ದೂರದ ದಕ್ಷಿಣದ ಗ್ರಾವಿನಾ ಊರಿನ ಕ್ಷೌರಿಕ ಕೊಸಿಮೊ, ಬೆಳಗಿನ ರೈಲಿಳಿದು ಅವಳೆದುರು ನಿಂತಿದ್ದ. ಮೈಮೇಲೆ ತನ್ನ ಮದುವೆಯ ಕೋಟು, ಕಂಕುಳಲ್ಲಿ ಒಂದು ಟೋಪಿಯ ಡಬ್ಬಿ. ಡಬ್ಬಿಯೊಳಗೆ ಹಿತ್ತಲಿನ ಲಾರೆಲ್ ಗಿಡದ ಎಲೆಗಳಿಂದ ಅವನೇ ಕಟ್ಟಿದ ಕಿರೀಟ. ಪದವಿಯಾದವರ ತಲೆಗೆ ಇಡುವುದು ಅದನ್ನೇ. ಹಂಚುವುದಕ್ಕೆ ಕೆಂಪು ಸಕ್ಕರೆಯ ಬಾದಾಮಿಯನ್ನು ಊರಲ್ಲಿ ಇಬ್ಬರು ಅತ್ತೆಯಂದಿರು ಪೊಟ್ಟಣ ಕಟ್ಟಿಟ್ಟಿದ್ದರು. ಅವರಿಬ್ಬರೂ ಅಮ್ಮನೂ ಆ ದಿನ ಸಂಜೆ ಏಳರ ರೈಲು ಹತ್ತುವವರು. ಮರುದಿನ ಹನ್ನೊಂದಕ್ಕೆ ಪಲ್ಮಿರಾಳ ಕೊನೆಯ ಮೌಖಿಕ ಪರೀಕ್ಷೆ, ಆಮೇಲೆ ಪದವಿ.

ಅಂಥ ಪರೀಕ್ಷೆಯೇ ಇರಲಿಲ್ಲ, ಪದವಿಯಂತೂ ದೂರದ ಮಾತು. ಮೂರನೆಯ ವರ್ಷ ಒಂದೇ ವಿಷಯದಲ್ಲಿ ಮೂರು ಸಲ ಮಕಾಡೆ ಮಲಗಿದ್ದಳು. ಮೂರನೆಯ ಸಲ ಅಪ್ಪ ಫೋನು ಮಾಡಿದಾಗ ಹಿಂದೆ ಕತ್ತರಿಯ ಸದ್ದು ಕೇಳುತ್ತಿತ್ತು. ಅಂಗಡಿಯ ಗಿರಾಕಿಗಳೆಲ್ಲ ಕಿವಿ ನಿಮಿರಿಸಿ ಕಾಯುತ್ತಿದ್ದರು. ಅವಳ ಬಾಯಿಂದ ಮೂವತ್ತಕ್ಕೆ ಇಪ್ಪತ್ತೇಳು ಎಂದು ಬಂದುಬಿಟ್ಟಿತು. ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿದ ಮೇಲೆ ಅಲ್ಲ ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ ಹೇಳಿ! ಒಂದು ಸುಳ್ಳಿಗೆ ಇನ್ನೊಂದು, ಅದಕ್ಕೆ ಮತ್ತೊಂದು. ಓದು ಯಾವಾಗ ಕೈಬಿಟ್ಟಿತೋ ಅವಳಿಗೇ ಗೊತ್ತಿಲ್ಲ.

ಇವತ್ತು ಹೇಳಲೇಬೇಕು. ಏಳು ಗಂಟೆಯ ಒಳಗೆ ಹೇಳಿದರೆ ಅಮ್ಮನೂ ಅತ್ತೆಯಂದಿರೂ ಊರಲ್ಲೇ ಉಳಿಯುತ್ತಾರೆ. ಅಷ್ಟಾದರೂ ಮಾನ ಉಳಿಯುತ್ತದೆ.

ಆದರೆ ಕೊಸಿಮೊ ಊರು ನೋಡಲು ಬಂದವನು, ಅವನನ್ನು ಹಿಡಿದು ನಿಲ್ಲಿಸುವುದುಂಟೇ. ಚೌಕದ ದೊಡ್ಡ ಚರ್ಚಿನ ಮುಂಭಾಗದಲ್ಲಿ ಅಮೃತಶಿಲೆ ಅರ್ಧಕ್ಕೇ ನಿಂತಿದ್ದು ಕಂಡು, ಗಡ್ಡ ಅರ್ಧ ಬೋಳಿಸಿ ಗಿರಾಕಿಯನ್ನು ಎಬ್ಬಿಸಿ ಕಳಿಸಿದ ಹಾಗಿದೆ ಎಂದು ಬೈದ. ಕಾರಂಜಿಯ ನೀರಲ್ಲಿ ಬೆರಳದ್ದಿ ಡಬ್ಬಿ ತೆರೆದು ಎಲೆಗಳಿಗೆ ಚಿಮುಕಿಸಿದ. ಒಮ್ಮೆ ತಲೆಗಿಟ್ಟು ನೋಡೋಣವೇ ಎಂದು ತಾನೇ ಕೇಳಿ, ಛೆ, ಇವತ್ತು ಬೇಡ ಎಂದು ತಾನೇ ಮುಚ್ಚಿದ. ಕಾಫಿ ಕೊಟ್ಟವನಿಗೆ, ಚೀಸ್ ಮಾರುವವಳಿಗೆ, ದಾರಿ ಕೇಳಿದ ಪರದೇಶಿಗೂ ಮಗಳು ನಾಳೆ ಲಾಯರಾಗುತ್ತಾಳೆ ಎಂದ. ಅವರೆಲ್ಲ ಶುಭ ಹಾರೈಸಿದರು. ಪಲ್ಮಿರಾ ಪ್ರತಿಸಲವೂ ಹಲ್ಲು ಕಿರಿದಳು.

ಹಳೆಯ ಅರಮನೆಯ ಕೆಳಗೆ ನಾಲ್ಕು ಮೂಲೆಯ ಒಂದು ಕಮಾನಿದೆ. ಒಂದು ಮೂಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಬೆಳಗಿನಿಂದ ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದು ಈ ಜಾಗವನ್ನೇ. ಅಲ್ಲಿ ಅಪ್ಪನ ಮುಖ ನೋಡುವ ಕಷ್ಟವಿಲ್ಲ. ಅವನನ್ನು ಒಂದು ಮೂಲೆಗೆ ನಿಲ್ಲಿಸಿ ತಾನು ಎದುರು ಮೂಲೆಗೆ ಹೋದಳು. ಗೋಡೆಗೆ ಹಣೆ ಹಚ್ಚಿದಳು. ಬಾಯಿ ತೆರೆಯುವುದರೊಳಗೆ ಕಲ್ಲಿನಿಂದ ಅಪ್ಪನ ದನಿಯೇ ಬಂತು.

"ಪಲ್ಮಿರಾ, ಮುಖ ನೋಡ್ಕೊಂಡು ಹೇಳಕ್ಕೆ ನಂಗೆ ನಾಚ್ಕೆ ಆಗುತ್ತೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋನು, ನಿಂಗೊತ್ತು. ಓದ್ದೋರ ತಲೆ ನನ್ನ ಕೈಯಲ್ಲಿರುವಾಗ್ಲೂ ನಾನೇ ತಲೆ ತಗ್ಗಿಸ್ಕೊಂಡಿರ್ತಿದ್ದೆ. ಈಗ ಇಲ್ಲ ಮಗಳೇ. ಅಷ್ಟೇ."

ಪಲ್ಮಿರಾ ಗೋಡೆಯನ್ನು ಬಿಟ್ಟು ಅಲ್ಲಾಡಲಿಲ್ಲ. ಏನಂದೆ, ಏನೂ ಕೇಳಿಸಲಿಲ್ಲ ಎಂದು ಅಪ್ಪ ಬಂದು ಹೆಗಲು ಮುಟ್ಟಿದ. ಏನೂ ಅನ್ನಲಿಲ್ಲ ಎಂದಳು. ಅದೊಂದು ಮಾತ್ರ ನಿಜ.

ನಾಲ್ಕೂವರೆಗೆ ಗೋಪುರದ ಬುಡಕ್ಕೆ ಬಂದರು. ಕೊಸಿಮೊ ಕತ್ತು ನೋಯುವಷ್ಟು ಮೇಲೆ ನೋಡಿದ. ನಾಳೆ ಕಿರೀಟ ಇಟ್ಟುಕೊಂಡೇ ಹತ್ತಬೇಕು, ತನ್ನ ಮಂಡಿ ಏನೇ ತಕರಾರು ಮಾಡಲಿ ಎಂದ. ಇಡೀ ದಿನ ಬಾರದ ಮಾತು ಈಗಲೂ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಕಾಲಾದರೂ ಹೇಳಲಿ ಎಂದುಕೊಂಡಳೋ ಏನೋ.

"ಇವತ್ತೇ ಹತ್ತೋಣ ಅಪ್ಪ," ಎಂದಳು.

"ತಲೆ ಕೆಟ್ಟಿದ್ಯಾ ನಿಂಗೆ? ಆರು ವರ್ಷ ಕಾದೋಳಿಗೆ ಒಂದು ರಾತ್ರಿ ಕಾಯಕ್ಕಾಗಲ್ವಾ?"

ಅವಳು ಎರಡು ಟಿಕೆಟು ಕೊಂಡು ಒಳಗೆ ನಡೆದಳು. ಹಿಂದಿನಿಂದ ಅಪ್ಪ ಕೂಗಿದ, ಗದರಿದ, ಅಪಶಕುನ ಆಡಬೇಡ ಎಂದು ಬೇಡಿಕೊಂಡ. ಸವೆದ ಮರದ ಮೆಟ್ಟಿಲುಗಳು, ಐನೂರಕ್ಕೆ ಎರಡು ಕಡಿಮೆ. ಅವಳು ನಿಲ್ಲಲಿಲ್ಲ. ನೂರು ಮೆಟ್ಟಿಲಾಗುವ ಹೊತ್ತಿಗೆ ಕೂಗು ನಿಂತಿತು. ಆಮೇಲೆ ಕೇಳಿಸಿದ್ದು ಅವನ ಏದುಸಿರು, ಡಬ್ಬಿ ಗೋಡೆಗೆ ತಾಗುವ ಸದ್ದು, ಅಷ್ಟೇ. ಅಪ್ಪನಿಗೆ ಅರ್ಥವಾಗಿದೆ ಎಂದು ಅವಳಿಗೂ ಅರ್ಥವಾಯಿತು. ಅಳು ಒತ್ತರಿಸಿ ಬಂತು, ಆದರೂ ಹತ್ತಿದಳು.

ಮೇಲೆ ಗಾಳಿ ಜೋರಾಗಿತ್ತು. ಕೊಸಿಮೊ ಕಟ್ಟೆಗೆ ಒರಗಿ ಉಸಿರು ಸುಧಾರಿಸಿಕೊಂಡ.

"ಎಷ್ಟು ಪರೀಕ್ಷೆ ಬಾಕಿ?"

"ಹದಿನಾಲ್ಕು."

ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಂದು ಕಪಾಳಕ್ಕೆ ಬಿಗಿದಿದ್ದರೆ ಅವಳ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಕೆಂಪು ಹೆಂಚಿನ ಮಾಡುಗಳನ್ನೂ ಅವುಗಳಾಚೆಯ ರೈಲು ನಿಲ್ದಾಣವನ್ನೂ ನೋಡಿದ. ಆಮೇಲೆ ಗಡಿಯಾರ ನೋಡಿದ. ಐದೂ ಕಾಲು. ಇನ್ನೂ ಹೊತ್ತು ಮೀರಿಲ್ಲ, ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ, ಅವರು ಬರುವುದು ಬೇಡ ಎಂದು ಫೋನು ತೆಗೆದ. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು. ಗಾಳಿಯಲ್ಲಿ ಕೇಳಲೆಂದು ಅಮ್ಮ ಅರಚುತ್ತಿದ್ದದ್ದು ಪಲ್ಮಿರಾಳಿಗೂ ಕೇಳಿಸಿತು. ಪೆಟ್ಟಿಗೆಗೆ ನೀಲಿ ಉಡುಪು ಹಾಕಲೋ ಬೂದು ಬಣ್ಣದ್ದೋ, ಫೋಟೋದಲ್ಲಿ ಯಾವುದು ಚೆಂದ ಎಂದು ಕೇಳುತ್ತಿದ್ದಳು. ಹಿಂದೆ ಅತ್ತೆಯಂದಿರು ಹಾಡುತ್ತಿದ್ದರು.

"ಇಲ್ ಕೇಳು," ಎಂದ ಕೊಸಿಮೊ. ತುಟಿ ಎರಡು ಸಲ ಅಲುಗಿತು. ಅಂಗಡಿಯ ಚಪ್ಪಾಳೆ ಕೇಳಿದ ದಿನ ತನ್ನ ಮುಖ ಹೇಗಾಗಿರಬಹುದೆಂದು ಪಲ್ಮಿರಾಳಿಗೆ ಆಗ ಗೊತ್ತಾಯಿತು.

"ನೀಲೀದೇ ಹಾಕ್ಕೊ," ಎಂದು ಫೋನು ಇಟ್ಟ.

ಡಬ್ಬಿಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು, ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ.

"ನೋಡಿದ್ಯಾ," ಎಂದ, "ನನ್ನ ಕೈಲೂ ಆಗ್ಲಿಲ್ಲ."